ಕೋರಸ್ ಅಕ್ಕ ಮತ್ತು ಅಳಿಯನ ಹೆಡ್‌ಫೋನ್

ಬೀದಿಯವರಿಗೆಲ್ಲ ಆಕೆ ಕೋರಸ್ ಅಕ್ಕ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಬೇಕೇ, ಬ್ಯಾಗಿನ ಜಿಪ್ ಕಿತ್ತುಹೋಯಿತೇ, ಮೈ ಬಂದವರ ಅಂಗಿಯ ಪಕ್ಕ ಬಿಚ್ಚಬೇಕೇ, "ಕೋರಸ್ ಅಕ್ಕನ ಹತ್ರ ಕೊಟ್ಟು ಬಾ" ಅನ್ನುವುದು ರೂಢಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡ ಹೊಲಿಗೆ ಮೆಷಿನ್ನು, ಗೋಡೆಯ ಮೊಳೆಗಳಲ್ಲಿ ಕತ್ತರಿಗಳು, ಮೂಲೆಯಲ್ಲಿ ಯಾರ್ಯಾರದೋ ಬಟ್ಟೆಯ ಗಂಟುಗಳು. ಹೊಸದಾಗಿ ಬಾಡಿಗೆಗೆ ಬಂದವರು ಆ ಹೆಸರು ಯಾಕೆ ಬಂತು ಅಂತ ಕೇಳಿದರೆ ಉತ್ತರ ಹೇಳುವ ಕೆಲಸ ಅವಳದಲ್ಲ, ಅವಳ ಗಂಡನದು.

ಗಂಡ ಲಿಫ್ಟ್ ರಿಪೇರಿಯವನು. ಹೆಚ್ಚು ಮಾತಿನ ಮನುಷ್ಯನಲ್ಲ. ಆದರೆ ರೇಡಿಯೋದಲ್ಲಿ ಆ ಹಳೆಯ ಸಿನಿಮಾದ ದೋಣಿ ಹಾಡು ಬಂತು ಅಂದರೆ ಮುಗಿಯಿತು, ಊಟದ ನಡುವೆ ಇದ್ದರೂ ಎಡಗೈಯಲ್ಲಿ ಸದ್ದು ಜಾಸ್ತಿ ಮಾಡುತ್ತಿದ್ದ. "ತಡೀರಿ, ಈಗ ಬರ್ತದೆ... ಈಗ... ಹಾಂ! ಕೇಳಿದ್ರಾ? ಅದು ನಮ್ಮವಳು." ಮುಖ್ಯ ಗಾಯಕಿಯ ಸಾಲು ಮುಗಿದ ಮೇಲೆ ನಾಲ್ಕು ಹುಡುಗಿಯರು ಒಟ್ಟಾಗಿ "ಬಾರೋ ದಡಕೆ" ಅನ್ನುವ ಒಂದೇ ಒಂದು ಸಾಲು ಅದು. ಮದುವೆಗೆ ಮುಂಚೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಅದನ್ನು ಹಾಡಿದ ನಾಲ್ವರಲ್ಲಿ ಅವಳೂ ಒಬ್ಬಳು. ಆ ರೇಡಿಯೋದಲ್ಲಾಗಲಿ, ಆಮೇಲೆ ಬಂದ ಫೋನಿನಲ್ಲಾಗಲಿ, ನಾಲ್ಕು ದನಿಯೂ ಹೊಸೆದ ಹಗ್ಗದ ಹಾಗೆ ಒಂದಾಗಿ ಕೇಳುತ್ತಿತ್ತು. ಇದರಲ್ಲಿ ನಿನ್ನದು ಯಾವುದು ಅಂತ ಯಾರೂ ಕೇಳಿದವರಿಲ್ಲ, ಅವಳಿಗೂ ಹುಡುಕಬೇಕು ಅನ್ನಿಸಿರಲಿಲ್ಲ. ಹಾಡಿದ್ದೇನೆ, ಅಂದ ಮೇಲೆ ಇದ್ದೇನೆ.

ಆ ಹಾಡಾದ ಸ್ವಲ್ಪ ದಿನಕ್ಕೇ ಮದುವೆ. ಗಂಡನಿಗೆ ಈ ಊರಲ್ಲಿ ಕೆಲಸ, ಸ್ಟುಡಿಯೋ ಇದ್ದ ಊರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಮತ್ತೆ ಯಾರೂ ಕರೆಯಲಿಲ್ಲ. ಊರು ಬಿಟ್ಟವಳನ್ನು ಯಾರು ಹುಡುಕಿಕೊಂಡು ಬರುತ್ತಾರೆ ಅಂತ ಅವಳು ಸುಮ್ಮನಾದಳು. ಪೂರ್ತಿ ಸುಮ್ಮನಾಗಲಿಲ್ಲ ಅನ್ನಿ. ಜಗಳ ತಾರಕಕ್ಕೆ ಹೋದಾಗ ಅವಳ ಹತ್ತಿರ ಒಂದು ಮಾತಿತ್ತು: "ನಿಮ್ಮ ಕೈ ಹಿಡಿದೆ, ಹಾಡಿನ ಕೈ ಬಿಟ್ಟೆ." ಅಷ್ಟು ಅಂದರೆ ಸಾಕು, ಎಂಥ ಜಗಳವಾದರೂ ಅಲ್ಲಿಗೆ ನಿಲ್ಲುತ್ತಿತ್ತು. ಗಂಡ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ. ಒಮ್ಮೆ ಕಂಪನಿಯವರು ದೂರದ ಊರಿನಲ್ಲಿ ಸೂಪರ್‌ವೈಸರ್ ಮಾಡುತ್ತೇವೆ ಅಂದಾಗಲೂ ಅವನು ಒಲ್ಲೆ ಅಂದುಬಿಟ್ಟ. ಯಾಕೆ ಅಂತ ಕೇಳಿದ್ದಕ್ಕೆ, "ಒಂದು ಸಲ ಊರು ಬಿಡಿಸಿದ್ದೇ ಸಾಕು" ಅಂದ. ಅವಳಿಗೆ ಆ ದಿನ ಒಳಗೊಳಗೇ ಹಿತವಾಗಿತ್ತು.

ಮಗಳನ್ನು ಕೊಟ್ಟದ್ದು ಎರಡು ಬೀದಿ ಆಚೆಗೇ. ಅಳಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಒಳ್ಳೆಯ ಹುಡುಗ, ಆದರೆ ಹತ್ತು ಕಡೆ ವಿಚಾರಿಸದೆ ಮನೆಗೆ ಒಂದು ಪೊರಕೆಯನ್ನೂ ತರುವವನಲ್ಲ. ಅಂಥವನು ಒಂದು ಬೆಳಿಗ್ಗೆ ಕಪ್ಪು ಡಬ್ಬಿಯೊಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದ.

"ಅತ್ತೆ, ನಿಮ್ಮಿಂದ ಒಂದು ಸಹಾಯ ಆಗ್ಬೇಕು."

ಡಬ್ಬಿ ತೆರೆದರೆ ಒಳಗೊಂದು ದೊಡ್ಡ ಹೆಡ್‌ಫೋನು. ಕಿವಿಯ ಮೇಲೆ ಕೂರುವ ಮೆತ್ತೆಗಳು ಒಳ್ಳೆ ಕೈಚೀಲದ ಚರ್ಮದ ಹಾಗೆ ನುಣುಪು.

"ಎಷ್ಟಂತೆ?" ಅಂದಳು.

ಅಳಿಯ ಹೇಳಿದ.

"ಅಯ್ಯೋ, ಬೆಲೆ ಕೇಳಿದ್ರೆ ಕಿವಿ ಮುಚ್ಕೋಬೇಕು!"

"ಅದಕ್ಕೇ ಇದು ಇರೋದು ಅತ್ತೆ, ಕಿವಿ ಮುಚ್ಚೋಕೆ," ಅಂತ ಅಳಿಯ ನಕ್ಕ. "ಸ್ವಲ್ಪ ದಿನ ಇಟ್ಕೊಂಡು ನೋಡಿ, ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಕೊಡಿ ಅಂದಿದ್ದಾರೆ ಅಂಗಡಿಯವರು. ದಿನಾ ಬಸ್ಸಲ್ಲಿ ಹೋಗ್ತಾ ಬರ್ತಾ ಹಾಡು ಕೇಳೋಕೆ ನಂಗೊಂದು ಬೇಕು. ಎಲ್ರೂ ಒಂದೊಂದು ಹೇಳ್ತಾರೆ, ಬೇಸು ಅಂತಾರೆ, ಅದು ಇದು ಅಂತಾರೆ. ನಂಗೆ ಕಣ್ಣಿನ ವಿಷ್ಯ ಗೊತ್ತು, ಕಿವಿದು ಗೊತ್ತಿಲ್ಲ. ನೀವು ಹಾಡಿದವರು. ನೀವು ಹಾಕ್ಕೊಂಡು ಕೇಳಿ ಹೇಳಿದ್ರೆ ನನಗೆ ಧೈರ್ಯ."

ಹಾಡಿದವರು ಅನ್ನುವ ಮಾತಿಗೆ ಅವಳು ಕರಗಿದಳು. ಮೂರು ವಿಷಯ ನೋಡಿ ಅಂದ. ದನಿ ಸ್ವಚ್ಛವಾಗಿದೆಯೇ, ತುಂಬಾ ಹೊತ್ತು ಹಾಕಿಕೊಂಡರೆ ತಲೆ ಒತ್ತುತ್ತದೆಯೇ, ಹೊರಗಿನ ಗದ್ದಲವನ್ನು ನಿಜವಾಗಿ ತಡೆಯುತ್ತದೆಯೇ. ಅವಳ ಫೋನಿಗೆ ಜೋಡಿಸಿ, ಯಾವ ಗುಂಡಿ ಒತ್ತಿದರೆ ಏನು ಅಂತ ತೋರಿಸಿ ಅಂಗಡಿಗೆ ಹೋದ.

ಗದ್ದಲದ ಪರೀಕ್ಷೆ ಮೊದಲೇ ಆಗಿಹೋಯಿತು. ಹೆಡ್‌ಫೋನ್ ಹಾಕಿಕೊಂಡು ಶಾಲೆಯ ಸಮವಸ್ತ್ರವೊಂದನ್ನು ಹೊಲಿಯಲು ಕೂತಳು. ಮೆಷಿನ್ನು ಓಡುತ್ತಿದೆ, ಸೂಜಿ ಏರಿಳಿಯುತ್ತಿದೆ, ಸದ್ದು ಮಾತ್ರ ಎಲ್ಲೋ ನೆರೆಮನೆಯದು ಅನ್ನುವಷ್ಟು ಸಣ್ಣಗೆ. ಬೆರಗಿನಲ್ಲೇ ಉದ್ದಕ್ಕೂ ಹೊಲಿದು ಬಟ್ಟೆ ಎತ್ತಿದರೆ ಎರಡು ಭಾಗವೂ ಬೇರೆ ಬೇರೆಯಾಗಿ ಕೈಗೆ ಬಂದವು! ಕೆಳಗಿನ ಬಾಬಿನ್ನಿನ ದಾರ ಯಾವಾಗಲೋ ಮುಗಿದಿತ್ತು. ದಾರ ಮುಗಿದರೆ ಮೆಷಿನ್ನಿನ ಸದ್ದು ಬದಲಾಗುತ್ತದೆ, ಇಷ್ಟು ವರ್ಷ ಆ ಸದ್ದಿನಿಂದಲೇ ಅವಳು ತಿಳಿಯುತ್ತಿದ್ದುದು. ಒಬ್ಬಳೇ ನಕ್ಕಳು. ಅಳಿಯನಿಗೆ ಹೇಳಬೇಕು, ಗದ್ದಲ ತಡೆಯುವುದರಲ್ಲಿ ನೂರಕ್ಕೆ ನೂರು, ಆದರೆ ಟೈಲರುಗಳು ಹಾಕಿಕೊಳ್ಳಬಾರದು ಅಂತ.

ಮಧ್ಯಾಹ್ನ ಊಟ ಮುಗಿಸಿ ಕೂತಾಗ ದನಿಯ ಪರೀಕ್ಷೆಗೆ ಇಳಿದಳು. ಬೇರೆ ಹಾಡು ಯಾಕೆ, ತನ್ನದೇ ಇದೆಯಲ್ಲ. ದೋಣಿ ಹಾಡು ಹಚ್ಚಿ ಕಣ್ಣು ಮುಚ್ಚಿದಳು.

ಮೊದಲ ತಂತಿಯ ಸದ್ದಿಗೇ ಮೈ ಜುಮ್ಮೆಂದಿತು. ಆ ಹಾಡನ್ನು ಅವಳು ಅಷ್ಟು ಹತ್ತಿರದಿಂದ ಕೇಳಿದ್ದು ಹಾಡಿದ ದಿನ ಒಂದೇ. ತಬಲಾದವನ ಬೆರಳು ಚರ್ಮಕ್ಕೆ ತಾಗುವುದು, ಕೊಳಲಿನವನು ಉಸಿರು ಎಳೆದುಕೊಳ್ಳುವುದು, ಎಲ್ಲವೂ ಕೋಣೆಯೊಳಗೇ ನಡೆದ ಹಾಗೆ. ಗಾಯಕಿಯ ಸಾಲು ಮುಗಿಯಿತು. ಬಂತು, "ಬಾರೋ ದಡಕೆ".

ಎಡಗಿವಿಯಲ್ಲಿ, ಅವತ್ತು ಜೊತೆಗೆ ಹಾಡಿದ ಉದ್ದ ಜಡೆಯವಳು. ಅವಳನ್ನು ಎಲ್ಲಿದ್ದರೂ ಗುರುತಿಸಬಹುದು, ಸ್ವಲ್ಪ ಮೂಗಿನಲ್ಲಿ ಹಾಡುವವಳು. ಅವಳ ಪಕ್ಕ ಕನ್ನಡಕದವಳ ದಪ್ಪ ದನಿ. ಬಲಗಿವಿಯಲ್ಲಿ ಹಾಡು ಕಲಿಸಿದ ಮೇಷ್ಟರ ಮಗಳು, ಸಾಲು ಎತ್ತುವ ಮುಂಚೆ ಅವಳದೊಂದು ಸಣ್ಣ ಉಸಿರಿನ ಸದ್ದು ಇರುತ್ತಿತ್ತು, ಅದೂ ಇತ್ತು. ನಾಲ್ಕನೆಯ ದನಿಗೆ ಕಾದಳು. ನಾಲ್ಕನೆಯ ದನಿಯೂ ಕೇಳಿಸಿತು, ಬಲಗಡೆಯೇ, ಸ್ವಲ್ಪ ಹಿಂದೆ. ಅದಕ್ಕೂ ಮುಂಚೆ ಅದೇ ಸಣ್ಣ ಉಸಿರು.

ಹಿಂದಕ್ಕೆ ತಂದು ಮತ್ತೆ ಕೇಳಿದಳು. ಸಾಲು ಹಾಡಿನಲ್ಲಿ ಮೂರು ಸಲ ಬರುತ್ತದೆ, ಮೂರನ್ನೂ ಕೇಳಿದಳು. ಹೆಡ್‌ಫೋನನ್ನು ತಿರುಗಿಸಿ ಎಡದ್ದನ್ನು ಬಲಕ್ಕೆ ಹಾಕಿಕೊಂಡು ಕೇಳಿದಳು. ನಾಲ್ಕನೆಯದೂ ಮೇಷ್ಟರ ಮಗಳೇ. ಒಂದೇ ದನಿಯನ್ನು ಎರಡು ಸಲ ಹಾಡಿಸಿ ಕೂಡಿಸಿದ್ದಾರೆ. ತನ್ನ ದನಿ ತನಗೆ ಗೊತ್ತಿಲ್ಲವೇ? "ದಡಕೆ" ಅನ್ನುವಾಗ ಕೊನೆಯಲ್ಲಿ ಒಂದು ಚೂರು ಜಾರಿಸಿ ಇಳಿಸುವುದು ಅವಳ ಅಭ್ಯಾಸ, ಮನೆಯಲ್ಲಿ ಈಗಲೂ ಹಾಗೇ ಗುನುಗುವುದು. ಇಲ್ಲಿ ಯಾರೂ ಜಾರಿಸಿರಲಿಲ್ಲ. ನಾಲ್ಕೂ ದನಿ ನೆಟ್ಟಗೆ ನಿಂತು ನೆಟ್ಟಗೆ ಮುಗಿದಿದ್ದವು.

ಬಾಗಿಲಲ್ಲಿ ಯಾರೋ ಹೆಂಗಸು ನಿಂತು ಕೈ ಆಡಿಸುತ್ತಿದ್ದಳು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. "ಏನು ಕೋರಸ್ ಅಕ್ಕ, ಕೇಳಿಸ್ತಾ ಇಲ್ವಾ?"

"ಕೇಳಿಸ್ತಾ ಇದೆ," ಅಂದಳು. ಆಕೆಯ ಪರದೆ ಬಟ್ಟೆ ತೆಗೆದುಕೊಂಡಳು. ಅಳತೆ ಮಾತ್ರ ತಪ್ಪು ಬರೆದುಕೊಂಡಳು.

ಸಂಜೆ ಗಂಡ ಕೆಲಸದಿಂದ ಬರುವ ಹೊತ್ತಿಗೆ ಅಳಿಯನೂ ಬಂದ. "ಹೇಗಿದೆ ಅತ್ತೆ?"

"ತಲೆ ಒತ್ತಲ್ಲ. ಕಿವಿ ಸ್ವಲ್ಪ ಬಿಸಿ ಆಗ್ತದೆ. ಗದ್ದಲ ತಡೆಯುತ್ತೆ." ಬಾಬಿನ್ನಿನ ಕಥೆ ಹೇಳುವ ಮನಸ್ಸು ಹೋಗಿತ್ತು.

"ದನಿ?"

"ದನಿ... ಬಿಡಿಬಿಡಿಯಾಗಿ ಕೇಳ್ತದೆ. ಒಬ್ಬೊಬ್ಬರದೂ."

"ಹಾಗಾದ್ರೆ ಮಾವ, ನೀವು ಕೇಳ್ಲೇಬೇಕು!" ಅಂತ ಅಳಿಯ ಉತ್ಸಾಹದಿಂದ ಮಾವನ ಕಡೆ ತಿರುಗಿದ. "ಇಷ್ಟು ವರ್ಷ ಗುಂಪಲ್ಲಿ ಕೇಳಿದ್ರಿ, ಈಗ ಅತ್ತೆ ದನಿ ಬೇರೆಯಾಗೇ ಸಿಗುತ್ತೆ."

ಗಂಡ ಗ್ರೀಸಾದ ಕೈಯನ್ನು ಸೋಪು ಹಚ್ಚಿ ತೊಳೆಯುತ್ತಿದ್ದವನು ತಿರುಗಿ ನೋಡಿದ. ಮುಖದಲ್ಲಿ ಮಗುವಿನ ಆಸೆ. "ನಿಜವಾ? ಕೊಡು ಹಾಗಾದ್ರೆ, ಕೈ ಒರೆಸ್ಕೊಂಡು ಬಂದೆ."

"ಚಾರ್ಜ್ ಮುಗಿದಿದೆ," ಅಂದಳು ಅವಳು. ಥಟ್ಟನೆ ಬಂದ ಸುಳ್ಳು. ಅಳಿಯ ಹೆಡ್‌ಫೋನ್ ಕೈಗೆತ್ತಿಕೊಂಡು ನೋಡಿದ. ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಅತ್ತೆಯ ಮುಖವನ್ನೂ ನೋಡಿದ. ಏನು ಕಂಡಿತೋ, "ಹೌದು ಮಾವ, ಮುಗಿದಿದೆ, ನಾಳೆ ಕೇಳಿದ್ರಾಯ್ತು" ಅಂತ ಡಬ್ಬಿಗೆ ಇಟ್ಟುಬಿಟ್ಟ.

ಮಾರನೆಯ ದಿನ ನಸುಕಿಗೇ, ಗುಂಡಿ, ದಾರ ತರುತ್ತೇನೆ ಅಂತ ಹೇಳಿ ಅವಳು ಸ್ಟುಡಿಯೋ ಇದ್ದ ಊರಿನ ಬಸ್ಸು ಹತ್ತಿದಳು. ಉದ್ದ ಜಡೆಯವಳು ಇನ್ನೂ ಆ ಊರಲ್ಲೇ ಇದ್ದಳು, ಮಗನ ಔಷಧಿ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದಳು. ಜಡೆ ಹೋಗಿ ಈಗ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡಿದ್ದಳು. ಹಳೆಯ ಗೆಳತಿಯನ್ನು ಕಂಡು ಸಂಭ್ರಮದಿಂದ ಅಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಸುತ್ತ ಔಷಧಿಯ ರಟ್ಟಿನ ಪೆಟ್ಟಿಗೆಗಳು, ಕೂರಲು ಎರಡು ಸ್ಟೂಲು.

"ಅಕ್ಕ, ದೋಣಿ ಹಾಡಲ್ಲಿ ನಾನಿಲ್ಲ, ಅಲ್ವಾ?"

ಉದ್ದ ಜಡೆಯವಳು ಟೀ ಬಗ್ಗಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. "ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ಕೇಳಿಸ್ತು."

ಆಕೆ ಲೋಟ ತುಂಬಿಸಿ ಮುಂದಿಟ್ಟಳು. "ಮಾರನೇ ದಿನ ನಮ್ಮ ಮೂವರನ್ನ ಮತ್ತೆ ಕರೆಸಿದ್ರು. ನಿನ್ನ ದನಿ ಎದ್ದು ಕೇಳ್ತಿದೆ, ಬೆರೀತಿಲ್ಲ ಅಂದ್ರು. ನೋಡು, ಅದೇನು ಅವಮಾನ ಅಲ್ಲ. ಬೆರೆಯೋ ದನಿ ಅಲ್ಲ ನಿಂದು, ಒಬ್ಬಳೇ ಹಾಡೋ ದನಿ."

"ಅಕ್ಕ, ನಾನೂ ಅಲ್ಲೇ ನಿಂತು ಹಾಡಿದವಳು. ಕೋರಸ್ಸಲ್ಲಿ ಎದ್ದು ಕೇಳೋದು ಅಂದ್ರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಬೆಣ್ಣೆ ಹಚ್ಬೇಡ. ಏನಂದ್ರು ಹೇಳು."

"ಯಾಕೆ ಈಗ ಇದೆಲ್ಲ?"

"ಹೇಳು."

"ಶ್ರುತಿ ಇಳೀತಿತ್ತು ಅಂದ್ರು," ಅಂತ ಉದ್ದ ಜಡೆಯವಳು ಲೋಟ ನೋಡುತ್ತಾ ಹೇಳಿದಳು. "ಕೊನೇಲಿ ಜಾರಿಸ್ತೀಯಲ್ಲ, ಅಲ್ಲಿ. ಆಮೇಲೂ ಎರಡು ಮೂರು ಸಲ ನಾವೇ ಕೇಳಿದ್ವಿ, ಅವಳನ್ನೂ ಕರೀರಿ ಅಂತ. ಬೇಡ ಅಂದ್ರು. ಅಷ್ಟರಲ್ಲಿ ನಿನ್ನ ಮದುವೆ ಗೊತ್ತಾಗಿತ್ತು. ಹೇಗಿದ್ರೂ ಹೋಗ್ತಾಳಲ್ಲ, ಯಾಕೆ ಹೇಳಿ ನೋಯಿಸೋದು ಅಂತ ಸುಮ್ಮನಾದ್ವಿ. ಬಿಡು, ಅದೆಲ್ಲ ಯಾವ ಕಾಲದ ಮಾತು."

ಯಾವ ಕಾಲದ ಮಾತು ಅಂದರೆ ಮದುವೆಗೆ ಮುಂಚಿನ ಮಾತು. ಅದೇ ಅವಳನ್ನು ಚುಚ್ಚಿದ್ದು. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಾಗ ದನಿ ಇಲ್ಲದ್ದರ ದುಃಖಕ್ಕಿಂತ ಮೇಲೆ ಬಂದದ್ದು ಗಂಡ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಳ್ಳುವ ಚಿತ್ರ. ಅವನ ಕೈ ಹಿಡಿಯುವುದಕ್ಕೆ ಮೊದಲೇ ಹಾಡು ಅವಳ ಕೈ ಬಿಟ್ಟಿತ್ತು. ಆ ಸೂಪರ್‌ವೈಸರ್ ಕೆಲಸಕ್ಕೆ ಇವನಿಗಿಂತ ಚಿಕ್ಕವನೊಬ್ಬ ಹೋಗಿದ್ದ, ಈಗ ಅವನೇ ಇವನಿಗೆ ಸಾಹೇಬ. ಹೇಳದೆ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮನೆಯಲ್ಲಿ ತನ್ನದು ಅಂತ ಏನು ಉಳಿಯುತ್ತದೆ? ಅತ್ತ ದರಿ, ಇತ್ತ ಪುಲಿ. ಗುಂಡಿ, ದಾರ ಕೊಳ್ಳುವುದನ್ನೇ ಮರೆತಿದ್ದೇನೆ ಅಂತ ಮನೆಯ ಬಾಗಿಲಲ್ಲಿ ನೆನಪಾಯಿತು.

ಗಂಡ ಆಗಲೇ ಕೆಲಸದಿಂದ ಬಂದಿದ್ದ. ಅನ್ನಕ್ಕಿಟ್ಟು, ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ. "ಇಷ್ಟು ದೂರ ಹೋಗಿ ಬರಿಗೈಲಿ ಬಂದ್ಯಾ?" ಅಂದ.

ಅವಳು ಚೀಲ ಕೂಡ ಇಳಿಸದೆ ನಿಂತಲ್ಲೇ ಎಲ್ಲ ಹೇಳಿದಳು. ಒಂದೇ ಉಸಿರಿಗೆ, ಹಿಂದು ಮುಂದು ಸೇರಿಸಿ. ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಇಲ್ಲ ಅಂದ್ರೆ? ನೀನು ಹಾಡಿದೆಯಲ್ಲ?"

"ಹಾಡಿದೆ. ತೆಗೆದುಬಿಟ್ರು. ಮದುವೆಗೆ ಮುಂಚೆನೇ ಬೇಡ ಅಂದಿದ್ರಂತೆ ರೀ. ಮದುವೆಯಿಂದ ಬಿಟ್ಟಿದ್ದಲ್ಲ. ನಿಮ್ಮಿಂದ ಅಲ್ಲ."

ಅವನು ಚಾಕು ಕೆಳಗಿಟ್ಟ. ಹೆಚ್ಚಿದ ತುಂಡುಗಳನ್ನು ಕೈಯಲ್ಲಿ ಒಂದು ಕಡೆ ಗುಡ್ಡೆ ಮಾಡಿದ. ಸಮಾಧಾನದ ಮಾತು ಬರಬಹುದು ಅಂತ ಅವಳು ಕಾದಳು, ಬೈಗುಳವಾದರೂ ಬರಲಿ ಅಂದುಕೊಂಡಳು.

"ಅಂದ್ರೆ ನಾನು ಸುಮ್ಮನೆ..." ಅಂತ ಶುರುಮಾಡಿ ನಿಲ್ಲಿಸಿದ. ಎದ್ದು ಚಪ್ಪಲಿ ಮೆಟ್ಟಿಕೊಂಡ. ಈ ಸಲ ತಲೆ ತಗ್ಗಿಸಿರಲಿಲ್ಲ. ಅವಳನ್ನು ನೋಡಲೂ ಇಲ್ಲ. ಅನ್ನ ತಳ ಹಿಡಿದ ವಾಸನೆ ಬಂದಾಗಲೇ ಅವಳು ಅಲ್ಲಿಂದ ಅಲುಗಿದ್ದು.

ಆಮೇಲಿನ ದಿನಗಳು ಕೆಟ್ಟವು. ಅವನು ಬೇಕಾದ್ದಕ್ಕಷ್ಟೇ ಮಾತಾಡಿದ. ಉಪ್ಪು ಕೊಡು, ಕರೆಂಟ್ ಬಿಲ್ ಬಂತಾ, ಅಷ್ಟೇ. ರೇಡಿಯೋ ಹಚ್ಚಲಿಲ್ಲ. ವಿಷಯ ಮಗಳ ಕಿವಿಗೂ ಬಿತ್ತು, ಓಡೋಡಿ ಬಂದಳು.

"ಅಮ್ಮ, ಸುಮ್ಮನೆ ಇದ್ದಿದ್ರೆ ಯಾರಿಗೆ ಏನು ನಷ್ಟ ಆಗ್ತಿತ್ತು? ನಮ್ಮತ್ತೆ ಮನೆಯವರಿಗೆಲ್ಲ ಹೇಳ್ಕೊಂಡು ಬಂದಿದೀನಿ ನಾನು. ಶಾಲೆಯಲ್ಲಿ ಸ್ಟೇಜ್ ಹತ್ತಿ ಹೇಳಿದೀನಿ."

"ನಾನೇನು ಬೇಕು ಅಂತ ಮಾಡಿದ್ನಾ?"

"ಅಪ್ಪನಿಗೆ ಯಾಕೆ ಹೇಳ್ದೆ? ಅಪ್ಪನ ಮುಖ ನೋಡೋಕಾಗ್ತಿಲ್ಲ."

"ಅವರಿಗೆ ಹೇಳದೆ ಇನ್ನ್ಯಾರಿಗೆ ಹೇಳ್ಲಿ? ಹಾಡಿನ ಕೈ ಬಿಟ್ಟೆ ಅಂತ ಇಷ್ಟು ವರ್ಷ ನಾನು ಚುಚ್ಚಿದ್ದು ಅವರನ್ನೇ ಅಲ್ವಾ."

ಮಗಳಿಗೆ ಅದು ತಿಳಿಯಲಿಲ್ಲ. ಸಿಟ್ಟಿನಲ್ಲೇ ಹೋದಳು.

ಅಂಗಡಿಗೆ ವಾಪಸ್ ಕೊಡುವ ಗಡುವು ಹತ್ತಿರ ಬಂತು. ಅಳಿಯ ಬಂದು ಬಾಗಿಲಲ್ಲೇ ನಿಂತ. ತಪ್ಪು ಮಾಡಿದವನ ಹಾಗೆ ಕೈ ಕಟ್ಟಿಕೊಂಡಿದ್ದ. "ನಾನು ಇದನ್ನ ತರ್ಲೇಬಾರದಿತ್ತು ಅತ್ತೆ. ವಾಪಸ್ ಕೊಟ್ಟುಬಿಡ್ತೀನಿ."

"ಅದೇನು ಮಾಡಿತು ಪಾಪ. ಇದ್ದದ್ದನ್ನ ಇದ್ದ ಹಾಗೆ ಹೇಳ್ತು. ಕನ್ನಡಕ ಹಾಕಿದ ಮೇಲೆ ಗೋಡೆ ಬಿರುಕು ಕಂಡ್ರೆ ನಿಮ್ಮನ್ನ ಬಯ್ಯೋಕಾಗುತ್ತಾ? ಇಟ್ಕೊಳ್ಳಿ, ವಸ್ತು ಚೆನ್ನಾಗಿದೆ. ದಪ್ಪ ದನಿಗಳು ಒಂಚೂರು ಜಾಸ್ತಿ, ತಬಲಾ ಕೆಲವು ಸಲ ಹಾಡಿನ ಮೇಲೆ ಕೂರ್ತದೆ. ಅಷ್ಟು ಬಿಟ್ರೆ ಕುಂದು ಇಲ್ಲ."

ಒಳಗಿನಿಂದ ಗಂಡ ಬಂದ. ಅವತ್ತು ಅವನಿಗೆ ರಜೆ. "ಎಲ್ಲಿ, ಕೊಡಿ ಇಲ್ಲಿ," ಅಂತ ಅಳಿಯನ ಕಡೆ ಕೈ ಚಾಚಿದ. ಹಾಕಿಕೊಳ್ಳಲು ಬರದೆ ಹಿಂದುಮುಂದಾಯಿತು, ಅಳಿಯ ಸರಿ ಮಾಡಿದ. ಹಾಡು ಹಚ್ಚಿದರು. ಅವಳು ಮೆಷಿನ್ನಿನ ಮೇಲೆ ಬಗ್ಗಿ, ಏರಿಸಿದ ದಾರವನ್ನೇ ಮತ್ತೆ ಏರಿಸಿದಳು. ಅವನು ಪೂರ್ತಿ ಹಾಡು ಕೇಳಿದ. ತೆಗೆದಾಗ ಕಿವಿಯ ಸುತ್ತ ಕೆಂಪಗಾಗಿತ್ತು.

"ನಂಗೇನೂ ಬೇರೆ ಗೊತ್ತಾಗ್ಲಿಲ್ಲ," ಅಂದ. "ಯಾರೋ ಹುಡುಗೀರು ಹಾಡ್ತಿದ್ದಾರೆ. ಅಷ್ಟೇ." ಆಮೇಲೆ ಅವಳ ಕಡೆ ತಿರುಗಿ, "ಎಷ್ಟು ಸಲ ಕೇಳಿದ್ರೂ ನಂಗೆ ಸಿಗ್ತಿದ್ದದ್ದು ಇಷ್ಟೇ. ನೀನು ಹೇಳಿದ್ದಕ್ಕೆ ನಂಬಿದ್ದೆ," ಅಂದ. ಅದು ದೂರೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ.

ಅಳಿಯ ಹೆಡ್‌ಫೋನ್ ಇಟ್ಟುಕೊಂಡ. ಬೀದಿಯವರಿಗೆ ಯಾರೂ ಏನೂ ಹೇಳಲಿಲ್ಲ. ಮನೆಮನೆಗೆ ಹೋಗಿ ನನ್ನನ್ನು ಹಾಗೆ ಕರೆಯಬೇಡಿ ಅನ್ನಲಾಗುತ್ತದೆಯೇ? ಯಾರಾದರೂ "ಕೋರಸ್ ಅಕ್ಕ" ಅಂತ ಕೂಗಿದರೆ ಒಳಗೆ ಒಂದು ಮುಳ್ಳು ಆಡುತ್ತಿತ್ತು, "ಬಂದೆ" ಅಂತ ಏಳುತ್ತಿದ್ದಳು.

ಗಂಡ ಹೆಂಡತಿ ನಡುವೆ ಮಾತು ಮತ್ತೆ ಶುರುವಾಯಿತು, ನಿಧಾನಕ್ಕೆ, ಕುಂಟುತ್ತ. ಒಮ್ಮೆ ಜೋರು ಜಗಳವೂ ಆಯಿತು, ಸೋರುವ ನಲ್ಲಿಯ ವಿಷಯಕ್ಕೆ. ಮಾತು ಏರಿ ಏರಿ, ಅವಳು ಎಂದಿನ ಆ ಮಾತಿನವರೆಗೆ ಬಂದು ಬರಿದೇ ಬಾಯಿ ತೆರೆದು ನಿಂತಳು. ಅವನು ಅದನ್ನು ಕಂಡ. "ಹೇಳು, ಯಾಕೆ ನಿಲ್ಲಿಸ್ದೆ? ಆ ಶ್ರುತಿ ಇಳಿದದ್ದೂ ನನ್ನಿಂದಾನೇ ಏನು?" ಅಂದುಬಿಟ್ಟ.

ಅವಳು ಕೂತಳು. ನೆಲದ ಮೇಲೇ, ಬಟ್ಟೆಯ ಗಂಟಿಗೆ ಒರಗಿ. ಅಳಲಿಲ್ಲ, ಆದರೆ ಮುಖ ನೋಡುವ ಹಾಗಿರಲಿಲ್ಲ. ಅವನು ಪಾನಾ ತೆಗೆದುಕೊಂಡು ಹೋಗಿ ನಲ್ಲಿ ಬಿಗಿ ಮಾಡಿದ. ವಾಪಸ್ ಬಂದು ಅವಳ ಎದುರಿಗೆ ತಾನೂ ನೆಲಕ್ಕೆ ಕೂತ.

"ಇನ್ನು ಆ ಮಾತು ನೀನೂ ಆಡ್ಬೇಡ, ನಾನೂ ಆಡಲ್ಲ," ಅಂದ.

"ಹೂಂ."

"ಸೂಪರ್‌ವೈಸರ್ ಕೆಲ್ಸ ಬಿಟ್ಟಿದ್ದು ನೆನೆಸ್ಕೊಂಡ್ರೆ ಮಾತ್ರ ಹೊಟ್ಟೆ ಉರೀತದೆ ಕಣೇ."

"ಉರೀಲಿ. ಬೈದ್ಬಿಡಿ ನನ್ನ."

"ಬೈದ್ರೆ ಕೆಲ್ಸ ಬರ್ತದಾ?" ಅಂದವನು ಅವಳು ಒರಗಿದ್ದ ಗಂಟಿನಿಂದ ಯಾರದೋ ಪ್ಯಾಂಟು ಎಳೆದು, "ಇದಕ್ಕೆ ಇವತ್ತು ಬರ್ತಾರೆ ಅಂದಿದ್ಯಲ್ಲ, ಏಳು" ಅಂದ. ಅವಳು ಎದ್ದು ದೀಪ ಹಾಕಿ ಮೆಷಿನ್ನಿಗೆ ಕೂತಳು. ಅವನು ಅಲ್ಲೇ ಕೂತು, ಹಳೆಯ ಹೊಲಿಗೆಯನ್ನು ಬ್ಲೇಡಿನಲ್ಲಿ ಒಂದೊಂದಾಗಿ ಬಿಚ್ಚಿ ಕೊಟ್ಟ.